ಒಂದು ಬೆರಳು ಕಮ್ಮಿ ಬಿದ್ದ ಚೌಕಟ್ಟು

ಕಥೆಗಳಿಗೆ ದನಿ ಕೊಡುವ ಕಂಪನಿಯೊಂದು ತನ್ನ ಆಫೀಸಿಗೆ ಅಜ್ಜಂಪುರದ ರೈಲ್ವೆ ಸ್ಟೇಷನ್ ಪಕ್ಕದ ಹಳೇ ಛತ್ರವನ್ನು ಹಿಡಿದಿದೆ ಎಂದು ಕೇಳಿದಾಗ ನಾನು ಫೋನಿನಲ್ಲೇ ನಕ್ಕುಬಿಟ್ಟೆ. "ರೆಕಾರ್ಡಿಂಗ್ ಮಾಡೋರು ರೈಲಿನ ಮಗ್ಗುಲಿಗೆ ಹೋಗ್ತೀರಾ ಮೇಡಂ? ತಲೆ ನೆಟ್ಟಗಿದೆಯಾ?" ಎಂದು ಕೇಳಿಯೂ ಬಿಟ್ಟೆ. ನನ್ನ ಬಾಯಿಗೆ ಮೊದಲಿನಿಂದಲೂ ಲಗಾಮಿಲ್ಲ, ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಕಡೂರಿನಲ್ಲಿ ಇಪ್ಪತ್ತು ವರ್ಷದಿಂದ ಬೇಕರಿಗಳ ಕೌಂಟರು, ಸೀರೆ ಅಂಗಡಿಗಳ ಕಪಾಟು, ಹೊಸ ಮನೆಗಳ ಅಡುಗೆಕಟ್ಟೆ ಇವನ್ನೇ ಮಾಡಿಸಿಕೊಂಡು ಬಂದವಳು ನಾನು. ಆಫೀಸು ಅಂತ ಒಂದು ದೊಡ್ಡ ಕೆಲಸ ಮೊದಲ ಸಲ ಮನೆ ಬಾಗಿಲಿಗೆ ಬಂದಿತ್ತು, ಅದನ್ನೂ ಬೈದೇ ಬರಮಾಡಿಕೊಂಡೆ.

ಆ ಕಡೆ ಫೋನು ಹಿಡಿದಿದ್ದವಳಿಗೆ ಬೇಜಾರಾಗಲಿಲ್ಲ. ಆಕೆ ಕಂಪನಿಯ ಒಡತಿ, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ತರೀಕೆರೆಯವಳು. ಬಸ್ ಸ್ಟ್ಯಾಂಡಿನ ಎದುರಿಗೇ ಅವರ ಮನೆಯಂತೆ. ಒಬ್ಬೊಬ್ಬ ಕಂಡಕ್ಟರು ಹೇಗೆ ಕೂಗುತ್ತಾನೆ ಅಂತ ಚಿಕ್ಕಂದಿನಲ್ಲೇ ದನಿ ಬದಲಿಸಿ ಬದಲಿಸಿ ತೋರಿಸುತ್ತಿದ್ದಳಂತೆ; ಅದೇ ಅವಳ ಮೊದಲ ತಾಲೀಮು. ಈಗ ಎಂಟು ಜನರನ್ನು ಕಟ್ಟಿಕೊಂಡು ಮಕ್ಕಳಿಗೆ ಕೇಳುವ ಕಥೆ ಮಾಡುತ್ತಾಳೆ, ಕಾರ್ಟೂನುಗಳಿಗೆ ಕನ್ನಡ ಮಾತಾಡಿಸುತ್ತಾಳೆ. "ಅಕ್ಕಾ, ರೈಲು ಬರೋ ಟೈಮಾದ್ರೂ ಗೊತ್ತಿರುತ್ತೆ. ಸಿಟೀಲಿ ಹಾರನ್ನು ಯಾವಾಗ ಹೊಡೀತಾರೆ ಅಂತ ಯಾರಿಗೆ ಗೊತ್ತು? ಒಂದ್ಸಲ ಬಂದು ನೋಡಿ, ಆಮೇಲೆ ಬೈಯಿರಿ" ಎಂದಳು.

ಹೋಗಿ ನೋಡಿದೆ. ಛತ್ರ ಎಂದರೆ ಈಗ ಮದುವೆ ಮಾಡುವ ಜಾಗ ಅಂದುಕೊಳ್ಳುತ್ತಾರೆ. ಇದು ಆ ಛತ್ರವಲ್ಲ. ರೈಲಿಳಿದವರು ಒಂದು ಹೊತ್ತು ಉಂಡು ಮಲಗಿ ಹೋಗಲಿ ಎಂದು ಮಹಾರಾಜರ ಕಾಲದಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಮುಂದೆ ಉದ್ದಕ್ಕೆ ಜಗಲಿ, ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಮರದ ಕಂಬ, ಹಿಂದೆ ಮಸಿ ಹಿಡಿದ ಅಡುಗೆಮನೆ, ಅದರ ಮಗ್ಗುಲಿಗೆ ಎರಡಡಿ ದಪ್ಪ ಗೋಡೆಯ ಉಗ್ರಾಣ. ಛತ್ರ ನಡೆಯುವುದು ನಿಂತ ಮೇಲೆ ಯಾರೋ ಈರುಳ್ಳಿ ತುಂಬುತ್ತಿದ್ದರಂತೆ. ಗೋಡೆಗೆ ಮೂಗು ಹಚ್ಚಿದರೆ ಇನ್ನೂ ಈರುಳ್ಳಿ ವಾಸನೆ. ಉಗ್ರಾಣದೊಳಗೆ ಹೋಗಿ ನಿಂತಿದ್ದಾಗಲೇ ಒಂದು ಗೂಡ್ಸ್ ರೈಲು ಹೋಯಿತು. ಹೊರಗೆ ಕಂಬಗಳೇ ನಡುಗುತ್ತಿದ್ದವು, ಒಳಗೆ ಬರೀ ಪಾದಕ್ಕೆ ತಿಳಿಯುವಷ್ಟು ಸದ್ದು. ಒಡತಿ ನನ್ನ ಮುಖ ನೋಡಿ ಹುಬ್ಬು ಹಾರಿಸಿದಳು. ನಾನು ಬೈಯಲು ಬಂದಿದ್ದವಳು ಟೇಪು ತೆಗೆದು ಅಳೆಯಲು ಶುರು ಮಾಡಿದೆ.

ಆ ಕಟ್ಟಡದ ಮೇಲೆ ನನಗೆ ಎಂಥ ಪ್ರೀತಿ ಹುಟ್ಟಿತು ಎಂದರೆ, ಮನೆಯಲ್ಲಿ ಎಲ್ಲರಿಗೂ ಬೇಸರವಾಗುವಷ್ಟು ಅದರದೇ ಮಾತು. ಮಸಿಯ ಗೋಡೆಗೆ ಬಣ್ಣ ಹೊಡೆಯಲು ಬಿಡಲಿಲ್ಲ. ಉಜ್ಜಿ, ಕೈಗೆ ಹತ್ತದಂತೆ ಒಂದು ಕೋಟು ಕೊಟ್ಟು ಹಾಗೇ ಇಟ್ಟೆ, ಅದರೆದುರು ಎಲ್ಲರೂ ಉಣ್ಣುವ ಉದ್ದನೆ ಮೇಜು. ತೊಟ್ಟಿಗೆ ಶೀಟು ಮುಚ್ಚೋಣ ಅಂದವರನ್ನು ಅಟ್ಟಿಬಿಟ್ಟೆ. ಜಗಲಿಗೆ ಗೇಟು ಬೇಡವೆಂದು ಒಡತಿಯೇ ಹೇಳಿದಳು. ಬೀರೂರು ಬಸ್ಸಿಗೆ ಕಾಯುವವರು ಅಲ್ಲಿ ಕೂತು ಕಡಲೆಕಾಯಿ ಬಿಡಿಸುವುದು ತಲೆಮಾರಿನ ಅಭ್ಯಾಸ, ನಾವು ಮೊನ್ನೆ ಬಂದವರು ಎಬ್ಬಿಸುವುದು ಹೇಗೆ ಎಂದಳು. ಒಳಬಾಗಿಲು ಮಾತ್ರ ಬಹಳ ಗಿಡ್ಡ. ಎತ್ತರಿಸಲು ಮನಸ್ಸು ಬರಲಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಕಂಪನಿಯ ಎಂಟೂ ಜನರ ಹಣೆ ಒಂದೊಂದು ಸಲ ಬೂದುಗುಂಬಳವಾಗಿತ್ತು, ಒಡತಿಯದು ಮೂರು ಸಲ.

ತೊಟ್ಟಿಯ ಸುತ್ತ ಕೂತು ಕೆಲಸ ಮಾಡುವವರಿಗೆ ಬೆಳಕು ಬೇಕು, ಗಲಾಟೆ ಬೇಡ. ಅದಕ್ಕೆ ಕಂಬಗಳ ನಡುವೆ ನಾಲ್ಕು ದೊಡ್ಡ ಗಾಜು ಎಂದುಕೊಂಡೆ. ಐದನೆಯದು ಉಗ್ರಾಣದ ಗೋಡೆಗೆ, ಒಳಗೆ ಮಾತಾಡುವವರೂ ಹೊರಗೆ ರೆಕಾರ್ಡು ಮಾಡುವವರೂ ಮುಖ ನೋಡಿಕೊಳ್ಳಲು. ಐದೂ ಒಂದೇ ಅಳತೆ. ಗಾಜು ಬೆಂಗಳೂರಿನಿಂದ. ಚೌಕಟ್ಟು ಮಾತ್ರ ಮರದ್ದೇ ಆಗಬೇಕು, ಅದೂ ನನ್ನ ಮಾವನ ಕೈಯದೇ ಆಗಬೇಕು ಎಂದು ಹಟ ಹಿಡಿದೆ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಚೌಳಹಿರಿಯೂರಿನಲ್ಲಿ ಮರಗೆಲಸ. ಎಪ್ಪತ್ತು ದಾಟಿದೆ. ನಾನು ಲಂಗ ಹಾಕುವ ವಯಸ್ಸಿನಲ್ಲಿ ಮರದ ಹೊಟ್ಟಿನ ಮೇಲೆ ಕೂರಿಸಿಕೊಂಡು, ಮೂಲೆಮಟ್ಟ ಕೈಗೆ ಕೊಟ್ಟು, ಗೆರೆ ಎಳೆಯುವುದು ಕಲಿಸಿದವನು ಅವನೇ. ಸುತ್ತಲ ಊರುಗಳಲ್ಲಿ ಅವನಿಟ್ಟ ಬಾಗಿಲು ಎಷ್ಟೋ. "ನಾ ಕೊಟ್ಟ ಚೌಕಟ್ಟು ಇವತ್ತಿನವರ್ಗೂ ಒಂದೂ ವಾಪಸ್ ಬಂದಿಲ್ಲ ಕಣವ್ವಾ" ಎನ್ನುವುದು ಅವನ ಒಂದೇ ಒಂದು ಜಂಬ. ಆದರೆ ಸಿಮೆಂಟ್ ಚೌಕಟ್ಟು, ಕಬ್ಬಿಣದ ಬಾಗಿಲು, ಪ್ಲಾಸ್ಟಿಕ್ ಕಿಟಕಿ ಬಂದ ಮೇಲೆ ಅವನನ್ನು ಕೇಳುವವರಿರಲಿಲ್ಲ. ಮುದ್ದೆ ತಿರುವುವ ಕೋಲು, ಕುಡುಗೋಲಿನ ಹಿಡಿ, ಪೂಜೆ ಮಣೆ ಮಾಡಿಕೊಂಡು ಕಾಲ ಹಾಕುತ್ತಿದ್ದ. ನಾನು ಕೆಲಸದ ಸುದ್ದಿ ಎತ್ತಿದಾಗ ಅವನ ಮುಖ ನೋಡಬೇಕಿತ್ತು. "ಇದೊಂದು ಮಾಡಿ ಕೈ ತೊಳ್ಕಂಡ್ಬಿಡ್ತೀನಿ. ಜನ ಬಂದು ನೋಡೋ ಜಾಗ ಅದು. ಕಡೇ ಕೆಲ್ಸ ಚೆನ್ನಾಗಿತ್ತು ಅಂತ ನಾಕು ಜನ ಅಂದ್ರೆ ಸಾಕು" ಎಂದ.

ಒಡತಿಗೆ ಅನುಮಾನವಿತ್ತು. ವಯಸ್ಸಾದವರು, ಹೊತ್ತಿಗೆ ಸರಿಯಾಗಿ ಆಗುತ್ತದೋ ಇಲ್ಲವೋ, ಅಲ್ಯೂಮಿನಿಯಂ ಹಾಕಿಸೋಣ ಎಂದಳು. "ಮಾವನ ಕೆಲಸಕ್ಕೆ ನಾನು ಜವಾಬ್ದಾರಿ ಮೇಡಂ" ಎಂದು ಎದೆ ತಟ್ಟಿ ಹೇಳಿದೆ. ಹೇಳುವುದು ಸುಲಭ ನೋಡಿ.

ಇಲ್ಲಿ ನನ್ನ ಒಂದು ಕೆಟ್ಟ ಬುದ್ಧಿಯನ್ನು ಹೇಳಿಬಿಡಬೇಕು. ಮಾವನಿಗೆ ಫೋನಿನಲ್ಲಿ ಅಕ್ಷರ ಒತ್ತಲು ಬರುವುದಿಲ್ಲ, ಅವನ ಹೆಬ್ಬೆರಳು ಒಂದು ಸಲಕ್ಕೆ ಮೂರು ಅಕ್ಷರ ಮುಚ್ಚುತ್ತದೆ. ಮೊಮ್ಮಗಳು ವಾಯ್ಸ್ ಮೆಸೇಜು ಕಳಿಸುವುದನ್ನು ಹೇಳಿಕೊಟ್ಟಿದ್ದಳು. ಅಂದಿನಿಂದ ದಿನಕ್ಕೊಂದು ಬರುತ್ತದೆ. ಒಂದೊಂದೂ ಮೂರು ನಿಮಿಷ, ನಾಲ್ಕು ನಿಮಿಷ. ಎಲ್ಲವೂ "ಊಟ ಆಯ್ತೇನವ್ವಾ" ಎಂದು ಶುರುವಾಗಿ, ಅವರ ಮನೆಯ ಸಾರಿಗೆ ಹೋಗಿ, ಅತ್ತೆಯ ಮಂಡಿ ನೋವಿಗೆ ತಿರುಗಿ, ವಿಷಯಕ್ಕೆ ಬರುವಷ್ಟರಲ್ಲಿ ನಾನು ಇನ್ನೊಂದು ಕೆಲಸದಲ್ಲಿ ಇರುತ್ತಿದ್ದೆ. ಮೊದಮೊದಲು ಕೇಳಿದೆ. ಆಮೇಲೆ ಅರ್ಧ. ಆಮೇಲೆ, ಸಂಜೆ ಕೇಳೋಣ ಎಂದು ಬಿಟ್ಟೆ. ಎಷ್ಟೋ ಸಂಜೆಗಳು ಹೋದವು. ಕೇಳದೇ ಇದ್ದರೂ ಹೆಬ್ಬೆರಳಿನ ಚಿತ್ರ ಒಂದು ಒತ್ತಿ ಕಳಿಸುತ್ತಿದ್ದೆ, ಅಷ್ಟು ಮರ್ಯಾದೆಯಾದರೂ ಇರಲಿ ಎಂದು. ಆ ಹೆಬ್ಬೆರಳೇ ನನ್ನ ಕುತ್ತಿಗೆಗೆ ಬಂತು.

ಗಾಜಿನ ಕೆಲಸಕ್ಕೆ ಒಂದು ನಿಯಮವಿದೆ. ಚೌಕಟ್ಟು ಗೋಡೆಯಲ್ಲಿ ನಿಂತ ಮೇಲೆ ಅದನ್ನು ಅಳೆದು ಗಾಜು ಹೇಳಬೇಕು. ಬೇಕರಿಯವರಿಗೆಲ್ಲ ಇದನ್ನೇ ಪಾಠ ಮಾಡಿದವಳು ನಾನು. ಆದರೆ ಈ ಗಾಜು ಬರಲು ಮೂರು ವಾರ ಬೇಕಿತ್ತು, ಒಡತಿ ಪ್ರಾರಂಭೋತ್ಸವದ ದಿನ ಗೊತ್ತು ಮಾಡಿಬಿಟ್ಟಿದ್ದಳು. ನಕ್ಷೆಯಲ್ಲಿ ಬರೆದ ಅಳತೆಯನ್ನು ಒಂದು ಕಡೆ ಮಾವನಿಗೂ ಇನ್ನೊಂದು ಕಡೆ ಗಾಜಿನವರಿಗೂ ಒಟ್ಟಿಗೇ ಕಳಿಸಿದೆ. ಮಾವ ಒಂದು ಕೂದಲೆಳೆ ತಪ್ಪುವವನಲ್ಲ, ಇನ್ನೇನು ಭಯ ಎಂದುಕೊಂಡೆ.

ಚೌಕಟ್ಟುಗಳು ಲಗೇಜ್ ಆಟೋದಲ್ಲಿ ಬಂದವು. ಹಲಸಿನ ಮರ, ಮೂರು ಅಂಗುಲ ದಪ್ಪ, ಅಂಚಿಗೆ ಸಣ್ಣದೊಂದು ಗೆರೆ ಬಿಟ್ಟರೆ ಏನೂ ಕೆತ್ತನೆ ಇಲ್ಲ. ಛತ್ರದ ಹಳೇ ಕಂಬಗಳ ಪಕ್ಕ ನಿಲ್ಲಿಸಿದರೆ ನೂರು ವರ್ಷದಿಂದ ಅಲ್ಲೇ ಇದ್ದಂತೆ ಕಂಡವು. ಮೊದಲನೆಯದನ್ನು ನಿಲ್ಲಿಸುವಾಗ ಮಾವ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಸಿಕ್ಕಿಸಿ, ಕಾಯಿ ಒಡೆದ. ಕಂಪನಿಯ ಹುಡುಗಿಯರು ಕಾಯಿ ಒಡೆಯುವ ಸದ್ದನ್ನೂ ರೆಕಾರ್ಡು ಮಾಡಿಕೊಂಡರು. ಒಡತಿ ಮರವನ್ನು ಸವರಿ ಸವರಿ ನೋಡಿ, "ಅಲ್ಯೂಮಿನಿಯಂ ಅಂದಿದ್ದು ನನ್ನ ತಪ್ಪು ಅಜ್ಜಾ" ಎಂದಳು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರೇನೂ ಇರಲಿಲ್ಲ. ನಾನು ಒಂದನ್ನೂ ಅಳೆದು ನೋಡಲಿಲ್ಲ. ಮಾವ ಮಾಡಿದ್ದನ್ನು ಟೇಪು ಹಿಡಿದು ಅಳೆಯುವುದು ಅವನಿಗೆ ಅವಮಾನ ಎಂದು ಬೇರೆ ದೊಡ್ಡತನ ನನಗೆ.

ಗಾಜು ಬಂದದ್ದು ಪ್ರಾರಂಭೋತ್ಸವಕ್ಕೆ ಐದು ದಿನ ಇರುವಾಗ. ನಾಲ್ಕು ಜನ ಉಸಿರು ಬಿಗಿಹಿಡಿದು ಮೊದಲ ಗಾಜನ್ನು ತಂದು ಚೌಕಟ್ಟಿಗೆ ಹಿಡಿದರು. ಕೂರಲಿಲ್ಲ. ತಿರುಗಿಸಿದರು, ಕೂರಲಿಲ್ಲ. ಎರಡನೆಯದು, ಮೂರನೆಯದು, ಐದೂ ಅಷ್ಟೇ. ಚೌಕಟ್ಟಿನ ಅಗಲ ಸರಿಯಾಗಿ ಒಂದು ಬೆರಳು ಕಮ್ಮಿ. ಕಾಯಿಸಿ ಗಟ್ಟಿ ಮಾಡಿದ ಗಾಜು ಅದು. ಕತ್ತರಿಸಲು ಹೋದರೆ ಸಾಸಿವೆ ಕಾಳಿನಂತೆ ಉದುರುತ್ತದೆ. ಗಾಜಿನವರು ನನ್ನ ಮುಖ ನೋಡಿದರು. ಕಂಪನಿಯ ಎಂಟೂ ಜನ ತೊಟ್ಟಿಯ ಸುತ್ತ ಬಂದು ನಿಂತರು. ನನಗೆ ಕೋಪ ನೆತ್ತಿಗೇರಿತು.

"ಮಾವ, ನಾನು ಕೊಟ್ಟ ಅಳತೆ ಏನು, ನೀನು ಮಾಡಿರೋದೇನು?" ಎಂದು ಕಿರುಚಿದೆ.

ಮಾವ ಗಾಬರಿಯಾಗಿ, "ಬೆರಳು ಕಮ್ಮಿ ಮಾಡ್ತೀನಿ ಅಂತ ನಿಂಗೆ ಹೇಳಿದ್ನಲ್ಲವ್ವಾ" ಎಂದ.

"ಯಾವಾಗ ಹೇಳಿದ್ದೆ? ನನಗೆ ಯಾರೂ ಏನೂ ಹೇಳಿಲ್ಲ!"

ಅವನು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಅಷ್ಟರಲ್ಲಿ ಒಡತಿ ಮೆಲ್ಲಗೆ, "ಇದು ಯಾರ ತಪ್ಪು ಅಕ್ಕಾ?" ಎಂದಳು.

"ಇವರದೇ ಮೇಡಂ. ವಯಸ್ಸಾಯ್ತು, ಅಳತೆ ತಪ್ಪಿದಾರೆ" ಎಂದೆ ನಾನು.

ಹುಟ್ಟಿದಾಗಿನಿಂದ ನೀನು ತಾನು ಎಂದು ಮಾತಾಡಿಸಿದ ಮಾವನನ್ನು ಅವತ್ತು ಇವರು ಎಂದೆ. ಅವನಿಗೆ ಅದು ತಾಗಿದ್ದು ನನಗೆ ಕಂಡಿತು. ಮಾವ ಉಳಿ, ಕೊಡತಿ, ಹತ್ತರಿ ಒಂದೊಂದೇ ಪೆಟ್ಟಿಗೆಗೆ ಹಾಕಿದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬತ್ತೀನಿ ತಾಯಿ" ಎಂದು ಒಡತಿಗೆ ಮಾತ್ರ ಹೇಳಿ, ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ, ಜಗಲಿ ಇಳಿದು ಬಸ್ಸಿಗೆ ಹೋದ. ಆ ಛತ್ರದಲ್ಲಿ ತಲೆ ಒಂದು ಸಲವೂ ಹೊಡೆಸಿಕೊಳ್ಳದವನು ಅವನೊಬ್ಬನೇ.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಜಗಲಿಯ ಮೇಲೆ ಕುಕ್ಕರಿಸಿದೆ. ಅವನು ಫೋನನ್ನು ನೋಡಿದ ರೀತಿ ಕಣ್ಣಿಂದ ಹೋಗುತ್ತಿರಲಿಲ್ಲ. ತೆಗೆದು ನೋಡಿದರೆ ಮಾವನ ಹೆಸರಿನ ಕೆಳಗೆ ಸಾಲುಸಾಲು ಕೇಳದ ಮೆಸೇಜುಗಳು, ಒಂದೊಂದರ ಕೆಳಗೂ ನನ್ನ ಹೆಬ್ಬೆರಳು. ಚೌಕಟ್ಟಿಗೆ ಅಳತೆ ಕಳಿಸಿದ ಮಾರನೆಯ ದಿನದ್ದನ್ನು ಹುಡುಕಿ ಕಿವಿಗೆ ಹಿಡಿದೆ.

"ಊಟ ಆಯ್ತೇನವ್ವಾ? ನಮ್ಮದಾಯ್ತು. ಹುರುಳಿಕಾಳು ಬಸ್ಸಾರು. ನಿಮ್ಮತ್ತೆ ಮಂಡಿ ಹಿಡ್ಕಂಡು ಕೂತವ್ಳೆ, ಎಣ್ಣೆ ತಂದ್ಕೊಟ್ಟಿದೀನಿ. ಅದಿರ್ಲಿ. ನಿನ್ನ ಅಳತೆಗೆ ಆಯ ಹಾಕಿ ನೋಡ್ದೆ ಕಣವ್ವಾ. ಐದಕ್ಕೂ ಖರಾಯ ಬತ್ತೈತೆ. ಖರ ಅಂದ್ರೆ ಕತ್ತೆ. ಬಾಯಿಂದ ಬದ್ಕೋ ಕಂಪ್ನಿಗೆ ಕತ್ತೆ ಆಯ ಇಡಕ್ಕಾಯ್ತದಾ? ಅವ್ರು ಬಾಯಿ ಬಿಟ್ರೆ ಏನು ಬರ್ಬೇಕು? ಅಗಲದಾಗೆ ಒಂದು ಬೆರಳು ಕಮ್ಮಿ ಮಾಡಿದ್ರೆ ಸಿಂಹಾಯ ಕೂತ್ಕಂತೈತೆ. ಗಾಜಿನೋರ್ಗೂ ಹೇಳ್ಬಿಡು. ಬ್ಯಾಡ ಅಂದ್ರೆ ನಿನ್ನ ಅಳತೇಲೇ ಮಾಡ್ತೀನಿ, ನಂದೇನೂ ಹಟ ಇಲ್ಲ. ನೀನು ಹೂಂ ಅನ್ನೋತನ್ಕ ಮರ ಮುಟ್ಟಲ್ಲ."

ಆಯ ಎಂದರೆ ಹಳೇ ಬಡಗಿಗಳ ಲೆಕ್ಕ. ಬಾಗಿಲಿನ ಉದ್ದ ಅಗಲವನ್ನು ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದು ಯಾವ ಆಯ ಎಂದು ಹೇಳುತ್ತದೆ. ಸಿಂಹ, ಆನೆ, ಬಸವ ಬಂದರೆ ಒಳ್ಳೆಯದು. ಕತ್ತೆ, ನಾಯಿ, ಕಾಗೆ ಬಂದರೆ ಬಾಗಿಲು ಇಡುವುದಿಲ್ಲ. ಮಾವ ಬಾಗಿಲಿಗೆ ಆಯ ನೋಡದೆ ಗರಗಸ ಎತ್ತಿದವನೇ ಅಲ್ಲ. ಅವನ ಮಡಿಲಲ್ಲಿ ಕೂತು ಕಲಿತ ನನಗೆ ಇದು ನೆನಪಾಗಬೇಕಿತ್ತು. ಆ ಮೆಸೇಜಿನ ಕೆಳಗೆ ನನ್ನ ಹೆಬ್ಬೆರಳು ನಿಂತಿತ್ತು. ಹೂಂ ಅಂದದ್ದು ನಾನೇ!

ಒಂದಾದ ಮೇಲೊಂದು ಕೇಳಿದೆ. "ನಿನ್ನ ಬೆರಳು ಬಂತು ಕಣವ್ವಾ, ನಾಳೆ ಮರ ಕೊಯ್ತೀನಿ" ಎಂಬುದೊಂದು. "ಗಾಜಿನೋರ್ಗೆ ಹೇಳಿದ್ಯಾ? ಮರೀಬ್ಯಾಡ" ಎಂಬುದು ಎರಡು ಸಲ. ಇನ್ನೊಂದರಲ್ಲಿ ಮಾತೇ ಇಲ್ಲ. ಫೋನು ಒತ್ತಿದ್ದು ಗೊತ್ತಾಗದೆ ಕೆಲಸಕ್ಕೆ ಕೂತಿರಬೇಕು, ನಾಲ್ಕು ನಿಮಿಷ ಹತ್ತರಿ ಹೊಡೆಯುವ ಸದ್ದು, ನಡುವೆ ಒಂದು ಕೆಮ್ಮು, ಹೊಟ್ಟನ್ನು ಊದುವ ಉಸಿರು. ಅದಕ್ಕೂ ನಾನು ಹೆಬ್ಬೆರಳು ಕಳಿಸಿದ್ದೆ. ಕಡೆಯದರಲ್ಲಿ, "ನಿಂಗೆ ಕೆಲ್ಸ ಜಾಸ್ತಿ ಇರ್ಬೇಕು. ಹೊತ್ತಿಗೆ ಸರಿಯಾಗಿ ಉಣ್ಣವ್ವಾ" ಎಂದಿದ್ದ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು, "ಯಾಕವ್ವಾ ಅಳ್ತೀಯ, ಯಾರಿಗೇನಾಯ್ತು?" ಎಂದು ಕೇಳಿದಳು. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಸ್ಕೂಟರ್ ಹತ್ತಿ ನೇರ ಚೌಳಹಿರಿಯೂರಿಗೆ ಹೋದೆ. ಅತ್ತೆ ಬಾಗಿಲಲ್ಲೇ ಕೂತಿದ್ದಳು. "ಬಂದ್ಯಾ ತಾಯಿ. ನಿಮ್ಮಾವ ಬಂದಾಗಿಂದ ಒಂದು ಮಾತಾಡಿಲ್ಲ. ಏನು ಮಾಡಿದ್ಯೇ ನನ್ನ ಗಂಡನ್ನ?" ಎಂದು ಕೇಳಿದಳು. ಮಾವ ಹಿತ್ತಲಲ್ಲಿ ಮುದ್ದೆ ಕೋಲು ತರೆಯುತ್ತಿದ್ದ. ನನ್ನನ್ನು ಕಂಡು ಕೋಲು ಕೆಳಗಿಡಲಿಲ್ಲ.

"ಮಾವ, ಕೇಳಿದೆ. ಎಲ್ಲಾ ಕೇಳಿದೆ. ತಪ್ಪು ನಂದು. ನೀನು ಚಪ್ಲಿ ತಗೊಂಡು ಹೊಡಿ."

"ಚಪ್ಲಿ ಯಾಕವ್ವಾ ಸುಮ್ನೆ ಹಾಳು ಮಾಡಾದು" ಎಂದ. ತಮಾಷೆಯ ಮಾತೇ, ಮುಖದಲ್ಲಿ ನಗು ಇರಲಿಲ್ಲ. ಕೋಲು ತರೆಯುತ್ತಲೇ ಹೇಳಿದ. "ಗಾಜು ಕೂರದಿದ್ದಕ್ಕೆ ನಂಗೆ ಬ್ಯಾಸ್ರಿಲ್ಲ. ಅದಕ್ಕೆ ದಾರಿ ಐತೆ. ಚೌಕಟ್ಟು ಮೂರಂಗುಲ ದಪ್ಪ ಇಟ್ಟಿರಾದು ಯಾಕೆ? ಗಾಜು ಕೂರೋ ತೋಡನ್ನ ಆ ಕಡೆ ಅರ್ಧ ಬೆರಳು, ಈ ಕಡೆ ಅರ್ಧ ಬೆರಳು ಉಳಿಯಿಂದ ಒಳಕ್ಕೆ ಕೆತ್ತಿದ್ರೆ ನಿನ್ನ ಗಾಜು ಸುಮ್ನೆ ಕೂತ್ಕಂತೈತೆ. ಕಾಣೋ ತೆರಪು ನನ್ನ ಸಿಂಹಾಯಕ್ಕೇ ನಿಂತಿರ್ತೈತೆ. ಮೂರು ದಿನದ ಕೆಲ್ಸ."

ನನಗೆ ಹೋದ ಜೀವ ಬಂತು. "ಹಂಗಾದ್ರೆ ಬಾ ಮಾವ, ಈಗಲೇ ಹೋಗೋಣ!"

"ನಾ ಬರಲ್ಲ" ಎಂದ. "ವಯಸ್ಸಾಯ್ತು, ಅಳತೆ ತಪ್ಪವ್ನೆ ಅಂತ ಎಂಟು ಜನದ ಮುಂದೆ ಅಂದ್ಯಲ್ಲ. ಈಗ ಉಳಿ ಹಿಡ್ಕಂಡು ಬಂದ್ರೆ ಮುದುಕ ತನ್ನ ತಪ್ಪು ತಿದ್ದಕ್ಕೆ ಬಂದ ಅಂತಾರೆ. ಐವತ್ತು ವರ್ಷದಾಗೆ ನಂದು ಒಂದೂ ವಾಪಸ್ ಬಂದಿಲ್ಲ. ಕಡೇದು ವಾಪಸ್ ಬಂತು ಅಂತ ಅನ್ನಿಸ್ಕಂಡು ನಾ ಸಾಯಲ್ಲ ಕಣವ್ವಾ." ಅವನ ದನಿ ಸಣ್ಣಗಾಯಿತು. ಕೋಲಿನ ತುದಿಯನ್ನು ಸುಮ್ಮನೆ ಸವರುತ್ತಾ ಕೂತ.

ಅವನಿಗೆ ಬೇಕಾದದ್ದು ಏನು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಜ ಹೇಳುತ್ತೇನೆ, ಮನಸ್ಸು ಹಿಂದೇಟು ಹಾಕಿತು. ಒಡತಿಗೆ ಚಿಕ್ಕಮಗಳೂರಿನಲ್ಲಿ ಇನ್ನೊಂದು ಹಳೇ ಕಟ್ಟಡ ಹಿಡಿಯುವ ಯೋಚನೆ ಇತ್ತು, ಅದೂ ನನಗೇ ಎಂದಿದ್ದಳು. ಕೇಳದೇ ಒಪ್ಪಿಗೆ ಕೊಡುವವಳು, ಅಳೆಯದೇ ಗಾಜು ಹೇಳುವವಳು, ಕಡೆಗೆ ತಪ್ಪನ್ನು ಮುದುಕನ ತಲೆಗೆ ಕಟ್ಟುವವಳು ಎಂದು ಗೊತ್ತಾದ ಮೇಲೆ ಯಾರು ಕೆಲಸ ಕೊಡುತ್ತಾರೆ? ದಾರಿಯುದ್ದಕ್ಕೂ ಇದೇ ಯೋಚನೆ. ಫೋನಿನಲ್ಲಿ ಒಡತಿಗೊಬ್ಬಳಿಗೇ ಮೆಲ್ಲಗೆ ಹೇಳಿಬಿಟ್ಟರೆ ಸಾಲದೇ ಎಂದೂ ಅನ್ನಿಸಿತು. ಆದರೆ ನಾನು ಬೈದದ್ದು ಮೆಲ್ಲಗೆ ಅಲ್ಲವಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಮಸಿ ಗೋಡೆಯೆದುರಿನ ಮೇಜಿಗೆ ಕರೆದೆ. ನಿಂತುಕೊಂಡೇ ಹೇಳಿದೆ. "ನಿನ್ನೆ ನಾನು ಸುಳ್ಳು ಹೇಳಿದೆ. ಅಳತೆ ತಪ್ಪಿದ್ದು ಮಾವ ಅಲ್ಲ, ನಾನು. ನನ್ನ ಬಾಯಲ್ಲಿ ಕೇಳೋದು ಬೇಡ, ಅವನ ಬಾಯಲ್ಲೇ ಕೇಳಿ." ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡಿದೆ. ಊಟ ಆಯ್ತೇನವ್ವಾ ಎಂಬಲ್ಲಿಂದ ಶುರುವಾಯಿತು. ಬಸ್ಸಾರು, ಮಂಡಿ ನೋವು, ಎಲ್ಲ. ಆ ಎಂಟು ಜನರ ಕಸುಬೇ ಕೇಳುವುದು, ಒಬ್ಬರೂ ಅಲುಗಾಡಲಿಲ್ಲ. ಕತ್ತೆ ಆಯ ಬಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. "ನೀನು ಹೂಂ ಅನ್ನೋತನ್ಕ ಮರ ಮುಟ್ಟಲ್ಲ" ಎಂಬಲ್ಲಿ ನಗು ನಿಂತುಹೋಯಿತು. ನಾನು ನನ್ನ ಹೆಬ್ಬೆರಳಿನ ಚಿತ್ರವನ್ನೂ ತೋರಿಸಿದೆ.

ಒಡತಿ ನನ್ನ ಕಡೆ ತಿರುಗಿದಳು. "ಅಕ್ಕಾ, ಇಂಥ ದನಿ ದಿನಾ ಮನೆಗೆ ಬರ್ತಿತ್ತು, ನೀವು ಕೇಳ್ತಾನೇ ಇರಲಿಲ್ವಾ?" ಎಂದಳು. ಚಿಕ್ಕಮಗಳೂರಿನ ಮಾತು ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. ಎದ್ದು ಕಾರಿನ ಬೀಗದ ಕೈ ತೆಗೆದುಕೊಂಡು, "ಅಜ್ಜನ ಕರೆಯೋಕೆ ನಾನೇ ಬರ್ತೀನಿ, ನಡೀರಿ" ಎಂದಳಷ್ಟೆ.

ಮಾವ ಬಂದ. ಒಳಗೆ ಬರುತ್ತಲೇ ಎಂಟೂ ಜನ ಎದ್ದು ನಿಂತರು. ಒಬ್ಬಳು, "ಅಜ್ಜಾ, ನಮ್ಮನ್ನ ಕತ್ತೆಯಾಗೋದ್ರಿಂದ ಉಳಿಸಿದ್ರಿ" ಎಂದಳು. ಮಾವ ನನ್ನ ಕಡೆ ತಿರುಗಿ, "ಎಲ್ಲಾ ಕೇಳ್ಸ್‌ಬಿಟ್ಯಾ? ನಿಮ್ಮತ್ತೆ ಮಂಡಿದೂ?" ಎಂದ. "ಮಂಡಿದೂ ಮಾವ" ಎಂದೆ. "ಥೂ ನಿನ್ನ" ಎಂದು ನಕ್ಕ. ಆ ನಗು ನೋಡಿ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಉಳಿಯ ಸದ್ದು. ನಾನು ಪಕ್ಕದಲ್ಲೇ ಕೂತು ಹೊಟ್ಟು ಬಳಿದೆ, ನೀರು ಕೊಟ್ಟೆ, ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಮಧ್ಯಾಹ್ನ ನಾಲ್ಕು ಜನ ಗಾಜು ಎತ್ತಿ ಹಿಡಿದರು. ಒಂದೊಂದೇ ಹೋಗಿ ತಮ್ಮ ಜಾಗದಲ್ಲಿ ಕೂತವು. ಐದನೆಯದು ಉಗ್ರಾಣದ್ದು. ಮಾವ ಅದರ ಸುತ್ತ ಪಟ್ಟಿ ಹೊಡೆದು, ಅಂಗೈಯಿಂದ ಒತ್ತಿ ನೋಡಿ, "ಹೂಂ" ಎಂದ.

ಉಗ್ರಾಣದಲ್ಲಿ ದನಿ ಹೇಗೆ ಬರುತ್ತದೆ ಎಂದು ನೋಡಬೇಕಿತ್ತು. ಮೊದಲು ಮಾತಾಡುವವರು ಅಜ್ಜನೇ ಆಗಬೇಕು ಎಂದು ಒಡತಿ ಹೇಳಿದಳು. ಮಾವ ಬೇಡ ಬೇಡ ಎಂದರೂ ಬಿಡದೆ ಒಳಗೆ ಮೈಕಿನ ಮುಂದೆ ಕೂರಿಸಿ ಬಾಗಿಲು ಹಾಕಿದರು. ಗಾಜಿನ ಈಚೆ ನನ್ನನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಒಳಗಿನ ಮಾತು ಇತ್ತ ಕೇಳುತ್ತದೆ, ಇತ್ತಲಿನದು ಅತ್ತ ಹೋಗುವುದಿಲ್ಲ. ಒಡತಿ ಶುರು ಮಾಡಿ ಎಂದು ಕೈಸನ್ನೆ ಮಾಡಿದಳು.

ಮಾವ ಗಂಟಲು ಸರಿಮಾಡಿಕೊಂಡ. ಮೈಕು ನೋಡಿದ, ಚೌಕಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಊಟ ಆಯ್ತೇನವ್ವಾ?" ಎಂದ. ದನಿ ಕಿವಿಯ ಒಳಗೇ ಬಂದು ಕೂತಿತು. "ನಮ್ಮದಾಯ್ತು. ಕಿಟಕಿ ಚೆನ್ನಾಗಿ ಕೂತೈತೆ. ಇಲ್ಲಿಂದ ನೀನು ಪೂರ್ತಿ ಕಾಣ್ತೀಯ. ಇಷ್ಟು ದಿನ ಆ ಫೋನಿಗೆ ಮಾತಾಡ್ತಿದ್ದೆ, ನೀನು ಕೇಳ್ತೀಯೋ ಇಲ್ವೋ ಅಂತ ಗೊತ್ತಾಗ್ತಿರ್ಲಿಲ್ಲ. ಬರೀ ಒಂದು ಹೆಬ್ಬೆಟ್ಟು ಬತ್ತಿತ್ತು." ಗಾಜಿನ ಕಡೆ ಬಗ್ಗಿ ನೋಡಿದ. "ಈಗ ನೋಡು, ಅಳ್ತಾ ಇದೀಯ. ಕೇಳ್ತಾ ಐತೆ ಅಂತಾಯ್ತು. ಅಳಬ್ಯಾಡ ಸುಮ್ಕಿರು. ನಿಮ್ಮತ್ತೆ ಮಂಡಿ ಈಗ ಪರವಾಗಿಲ್ಲ..."

ದನಿ ಸರಿಯಾಗಿದೆ, ಇಷ್ಟು ಸಾಕು ಎಂದು ಒಡತಿ ನಿಲ್ಲಿಸುವ ಗುಂಡಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದುಕೊಂಡೆ. ಹೊರಗೆ ರೈಲು ಬಂದು ಹೋಯಿತಂತೆ, ನನಗೆ ಗೊತ್ತಾಗಲಿಲ್ಲ. ಮಾವ ಮಂಡಿ ನೋವಿನಿಂದ ಎಣ್ಣೆಗೆ, ಎಣ್ಣೆಯಿಂದ ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದಕ್ಕೆ ಹೋದ. ನಾಲ್ಕು ನಿಮಿಷ ಮಾತಾಡಿದ. ನಾನು ಅವನ ಮುಖ ನೋಡುತ್ತಾ ಪೂರ್ತಿ ಕೇಳಿದೆ.